ಸೊನ್ನೆ ರದ್ದಾದ ವರ್ಷ

೧೯೭೯ರ ಜೂನ್ ಒಂದರಿಂದ ಚೆಂಬೂರಿನ ಉಪನಗರ ಜಲಸೌಕರ್ಯ ಮಂಡಳಿಯಲ್ಲಿ ಸೊನ್ನೆಯನ್ನು ರದ್ದುಪಡಿಸಲಾಯಿತು.

ಇದಕ್ಕೆ ಸಕಾರಣವಿತ್ತು. ಮಂಡಳಿಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಅದರ ಹಸಿರು ಅಕ್ಷರದ ಪರದೆಯನ್ನು ನೋಡಲು ಬಂದ ಅಧ್ಯಕ್ಷರು, ಏಳು ನಳಗಳಿರುವ ಒಂದು ಚಾಳಿನ, ಎಂದರೆ ವಠಾರದ, ಹೆಸರಿನ ಮುಂದೆ ‘0007’ ಎಂದಿದ್ದುದನ್ನು ಕಂಡು ನೊಂದುಕೊಂಡರು. ಇಷ್ಟು ಸೊನ್ನೆ ನೋಡಿದರೆ ಮಂಡಳಿ ಏನೂ ಮಾಡಿಲ್ಲವೆಂದು ಜನ ತಿಳಿಯುವುದಿಲ್ಲವೇ ಎಂದರು. ಮರುದಿನವೇ ಸುತ್ತೋಲೆ ಹೊರಟಿತು: ‘ಇನ್ನು ಮುಂದೆ ಪರದೆಯ ಯಾವ ಭಾಗದಲ್ಲಿಯೂ ಅನಾವಶ್ಯಕ ಸೊನ್ನೆಗಳು ಕಾಣತಕ್ಕದ್ದಲ್ಲ. ಸೊನ್ನೆಯ ಅವಶ್ಯಕತೆಯ ಬಗ್ಗೆ ಅಧ್ಯಕ್ಷರ ತೀರ್ಮಾನವೇ ಅಂತಿಮ.’

ಜಾರಿಗೆ ತರುವ ಹೊಣೆ ಜಯಸಿಂಹನದು. ಮೈಸೂರಿನಿಂದ ಬಂದ ಈ ಸಂಭಾವಿತನ ಕೆಲಸವೆಂದರೆ ಪರದೆಯ ಒಂದೊಂದು ಅಂಕಿಯ ಖಾನೆಗೂ ಎಷ್ಟು ಅಗಲ ಎಂದು ಗೊತ್ತುಮಾಡಿ, ಅಂಕಿ ಹೇಗೆ ಕಾಣಬೇಕೆಂಬುದಕ್ಕೆ ಒಂದಕ್ಷರದ ಸಂಕೇತ ಕೊಡುವುದು. ಸೊನ್ನೆ ಅಳಿಸುವುದಕ್ಕೆ ಎರಡು ಸಂಕೇತಗಳಿದ್ದವು. ಒಂದು, ಮುಂದಿನ ಸೊನ್ನೆಗಳನ್ನು ಅಳಿಸಿ, ಒಟ್ಟು ಲೆಕ್ಕವೇ ಸೊನ್ನೆಯಾದಾಗ ಮಾತ್ರ ಒಂದು ಸೊನ್ನೆಯನ್ನು ಉಳಿಸುತ್ತಿತ್ತು. ಇನ್ನೊಂದು ಅದನ್ನೂ ಉಳಿಸುತ್ತಿರಲಿಲ್ಲ.

“ಮೊದಲನೇದೇ ಹಾಕೋಣ ಸಾರ್. ಏನೂ ಇಲ್ಲದ ಕಡೆ ಏನೂ ಇಲ್ಲ ಅಂತಾದ್ರೂ ಗೊತ್ತಾಗಬೇಕಲ್ಲ,” ಎಂದ ಜಯಸಿಂಹ.

“ಕಶಾಲಾ, ಯಾತಕ್ಕ?” ಎಂದರು ಬೆಳಗಾವಿ ಕಡೆಯ ಸೂಪರಿಂಟೆಂಡೆಂಟ್ ಖಂಡಪ್ಪ. “ಏನೂ ಇಲ್ಲದ್ದನ್ನ ತೋರ್ಸಿ ಯಾರಿಗರೆ ಪ್ರಮೋಷನ್ ಸಿಕ್ಕದೇನು?”

ಎರಡನೆಯದೇ ಜಾರಿಯಾಯಿತು. ಪರದೆ ಸ್ವಚ್ಛವಾಯಿತು.

ಎರಡು ವಾರದ ಮೇಲೆ ಹಾಲವ್ವ ನಳಕ್ಕೆ ಅರ್ಜಿ ಕೊಡಲು ಬಂದಳು. ಬಿಜಾಪುರ ಕಡೆಯವಳು, ಕಟ್ಟಡಗಳಿಗೆ ಇಟ್ಟಿಗೆ ಹೊರುವವಳು. ಮೂವತ್ತಾರು ಖೋಲಿಗಳ ಅವಳ ಚಾಳಿನಲ್ಲಿ ಒಂದೂ ನಳವಿರಲಿಲ್ಲ. ದಿನಾ ಕೆಲಸಕ್ಕೆ ಹೋಗುವ ಮುಂಚೆ ರೈಲು ಹಳಿ ದಾಟಿ, ಆಚೆ ಕಾಲೊನಿಯವರ ಬೈಗುಳ ಕೇಳಿ, ನಾಲ್ಕು ಕೊಡ ನೀರು ತರುತ್ತಿದ್ದಳು.

ಜಯಸಿಂಹ ‘ಈಗಿರುವ ನಳಗಳು’ ಎಂಬ ಖಾನೆಯಲ್ಲಿ ಸೊನ್ನೆ ಒತ್ತಿ ಒಳಗೆ ಕಳಿಸಿದ. ಪರದೆ ಮರಳಿ ಬಂದಾಗ ಖಾನೆ ಖಾಲಿ. ಮತ್ತೆ ಒತ್ತಿದ, ಮತ್ತೆ ಖಾಲಿ. ‘ಇಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆಯಹೋದರೆ, ಅಂಕಿಯ ಖಾನೆಯಲ್ಲಿ ಅಕ್ಷರವೇ ಎಂದು ಯಂತ್ರ ಕೀಲಿಗಳನ್ನೆಲ್ಲ ಬಿಗಿದುಕೊಂಡು ಕೂತಿತು.

“ಎಲ್ಲಿ ಹೋತ್ರಿ ಅದು?” ಎಂದಳು ಹಾಲವ್ವ.

“ಒಳಗೇ ಇದೆಯಮ್ಮ. ಕಾಣಿಸೋದಿಲ್ಲ, ಅಷ್ಟೇ.”

“ನಮ್ಮ ನೀರಿಗೂ ಹಿಂಗ ಅಂತಾರ್ರಿ. ಪೈಪಿನ್ಯಾಗ ಐತಿ, ಕಾಣಂಗಿಲ್ಲ ಅಷ್ಟ.”

ಖಾನೆ ಖಾಲಿಯಿರುವ ಅರ್ಜಿ ಅಪೂರ್ಣ ಎಂದು ಹನ್ನೊಂದನೇ ಕಲಮು ಹೇಳುತ್ತಿತ್ತು. ಖಂಡಪ್ಪನವರು ಕರುಣೆಯಿಂದಲೇ ದಾರಿ ತೋರಿಸಿದರು. “ಬಾಯಿ, ಮೊದ್ಲ ಒಂದ್ ನಳಾ ಹಚ್ಚಿಸ್ಕೊಂಡು ಬಾ. ಆಮ್ಯಾಲ ನಳಾ ಇಲ್ಲಂತ ಅರ್ಜಿ ಕೊಡು.”

“ನೀರ್ರಿ?”

“ನೀರಿಗೆ ಈ ಪರದೆಯಾಗ ಖಾನೆ ಇಲ್ಲ.”

ಆ ಸಂಜೆ ಮನೆಯಲ್ಲಿ ಹೆಂಡತಿ ವನಮಾಲಾ ನಳ ಬಿಟ್ಟು ಅಕ್ಕಿ ತೊಳೆಯುತ್ತಿದ್ದಾಗ ಜಯಸಿಂಹ ಎದ್ದು ಹೋಗಿ ನಳ ನಿಲ್ಲಿಸಿದ.

ಹಾಲವ್ವ ಕೈಕಟ್ಟಿ ಕೂರಲಿಲ್ಲ. ಕುರ್ಲಾದ ಗುಜರಿಯಲ್ಲಿ ಹಿತ್ತಾಳೆಯ ನಳವೊಂದನ್ನು ಆರಿಸಿ ತಂದು, ಚಾಳಿನ ಗೋಡೆಗೆ ತಾನೇ ಸಿಮೆಂಟು ಕಲಸಿ ಕೂರಿಸಿದಳು. ನಳದ ಹಿಂದೆ ಗೋಡೆಯಲ್ಲದೆ ಬೇರೇನೂ ಇರಲಿಲ್ಲ. ಇನ್‌ಸ್ಪೆಕ್ಟರ್ ಮುರಿಗೆಪ್ಪ ಬಂದು, ತಿರುಗಿಸಿ ಬಿಟ್ಟು, ತಿರುಗಿಸಿ ಮುಚ್ಚಿ, ‘ನಳ ಸುಸ್ಥಿತಿಯಲ್ಲಿದೆ’ ಎಂದು ಬರೆದ.

ಪರದೆಯ ಮೇಲೆ ‘1’ ಮೂಡಿತು.

“ಬಂತು ನೋಡಮ್ಮ!” ಎಂದು ಜಯಸಿಂಹ ಕುರ್ಚಿಯಿಂದೆದ್ದ.

ಅರ್ಜಿ ಪೂರ್ಣವಾದ್ದರಿಂದ ಅಂದೇ ಇತ್ಯರ್ಥವೂ ಆಯಿತು: ‘ಸದರಿ ಚಾಳಿನಲ್ಲಿ ಈಗಾಗಲೇ ನಳವಿರುವುದರಿಂದ ನಳದ ಅವಶ್ಯಕತೆ ಕಂಡುಬರುವುದಿಲ್ಲ.’ ಅದನ್ನು ಓದಿ ಹೇಳುವಾಗ ಅವನಿಗೆ ತಲೆ ಎತ್ತಲಾಗಲಿಲ್ಲ.

“ಹಂಗಾರ ಅದನ್ನ ಕಿತ್ತ ಒಗೀಲೇನ್ರಿ?”

“ಅಯ್ಯೋ ಬೇಡಮ್ಮ! ಕಿತ್ತರೆ ಮತ್ತೆ ಖಾಲಿ ಬರುತ್ತೆ.”

ಡಿಸೆಂಬರಿನಲ್ಲಿ ಸೋರಿಕೆ ನಿವಾರಣಾ ಸಪ್ತಾಹ ಬಂತು. ಇಡೀ ವಿಭಾಗದಲ್ಲಿ ‘ಸೋರಿಕೆ’ಯ ಖಾನೆ ಖಾಲಿಯಿದ್ದದ್ದು ಹಾಲವ್ವನ ಚಾಳಿನದೊಂದೇ. ಖಂಡಪ್ಪನವರು ಅದನ್ನು ಪ್ರಥಮ ಬಹುಮಾನಕ್ಕೆ ಆರಿಸಿದರು.

“ಖಾಲಿ ಅಂದ್ರೆ ಅಪೂರ್ಣ ಅಂದಿದ್ರಲ್ಲ ಸಾರ್?” ಎಂದ ಜಯಸಿಂಹ.

“ಅದು ಅರ್ಜಿ, ಇದು ಬಹುಮಾನ. ಇಲ್ಲಿ ಖಾಲಿ ಅಂದ್ರ ಸೊನ್ನೆ. ಇಷ್ಟು ತಿಳಿಯೂದಿಲ್ಲೇನ್ರಿ ನಿಮಗ?”

ಅಧ್ಯಕ್ಷರೇ ಚಾಳಿಗೆ ಬಂದು ಹಾಲವ್ವನ ಕೈಗೆ ಒಂದು ಸ್ಟೀಲಿನ ಕೊಡ ಕೊಟ್ಟು, ಎರಡು ಮಾತಾಡಲು ಹೇಳಿದರು. ಅವಳು ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತಳು.

“ನಾವು ನಳಾ ಹಚ್ಚಿದಾಗಿಂದ ಇಲ್ಲೀತನ ಒಂದ್ ಹನಿ ನೀರು ಹಾಳು ಮಾಡಿಲ್ರಿ,” ಎಂದಳು.

ಬಹಳ ಹೊತ್ತು ಚಪ್ಪಾಳೆ ಬಿತ್ತು. ಜಯಸಿಂಹನೂ ತಟ್ಟಿದ.

ಮರುವಾರ ಮುಲುಂಡಿನ ಒಂದು ಹೌಸಿಂಗ್ ಸೊಸೈಟಿಯವರು, ತಮ್ಮ ಹನ್ನೆರಡು ನಳಗಳನ್ನೂ ಹಾಲವ್ವನ ನಳದ ಮಾದರಿಗೇ ಬದಲಾಯಿಸಿಕೊಡಬೇಕೆಂದು ಅರ್ಜಿ ಹಾಕಿದರು. ಎಲ್ಲ ಖಾನೆಗಳೂ ತುಂಬಿದ್ದವು. ಅಂದೇ ಮಂಜೂರಾಯಿತು.