ಎಟಿಎಂ ಆಯೇರಿ

ನನಗೆ ಮನುಷ್ಯರಿಗಿಂತ ಯಂತ್ರಗಳ ಮೇಲೆ ಭಕ್ತಿ ಹೆಚ್ಚು. ಯಂತ್ರ ಕೈಗಡ ಕೇಳುವುದಿಲ್ಲ, ಮಗಳಿಗೆ ವರ ನೋಡಿ ಎಂದು ಗಂಟು ಬೀಳುವುದಿಲ್ಲ. ನಾನು ತಪ್ಪು ಗುಂಡಿ ಒತ್ತಿದರೂ ತಪ್ಪು ತನ್ನದೇ ಎಂಬಂತೆ ಕ್ಷಮೆ ಕೇಳಿ, ಮತ್ತೊಮ್ಮೆ ಪ್ರಯತ್ನಿಸಿ ಎನ್ನುತ್ತದೆ. ಇಷ್ಟು ಮರ್ಯಾದೆ ನನಗೆ ಮನೆಯಲ್ಲಂತೂ ಸಿಕ್ಕಿಲ್ಲ. ಹೀಗಾಗಿ ಬಾಗಲಕೋಟೆಯ ನವನಗರದಲ್ಲಿ ನಮ್ಮ ಬ್ಯಾಂಕಿನವರು ಎಟಿಎಂ ಇಟ್ಟಾಗ, ನಮ್ಮ ಕಾಲೇಜಿನ ಗುಮಾಸ್ತರ ಪೈಕಿ ಮೊದಲು ಕಾರ್ಡು ಮಾಡಿಸಿದವನು ನಾನೇ. ಬೇಸಿಗೆಯಲ್ಲಿ ಆ ಗಾಜಿನ ಕೋಣೆಯ ತಂಪು ಗಾಳಿಗಾಗಿಯೇ ಹೋಗಿ ನನ್ನ ಖಾತೆಯ ಯೋಗಕ್ಷೇಮ ವಿಚಾರಿಸಿ ಬರುತ್ತಿದ್ದೆ. ಖಾತೆಯ ಆರೋಗ್ಯ ಅಷ್ಟಕ್ಕಷ್ಟೇ. ಗಾಳಿ ಮಾತ್ರ ಸೊಗಸಾಗಿತ್ತು.

ಅದೇ ಯಂತ್ರದಿಂದ ಇನ್ನೊಬ್ಬರ ಖಾತೆಗೂ ಹಣ ಹಾಕಬಹುದು ಎಂದು ನಾನು ಪತ್ತೆ ಹಚ್ಚುವುದಕ್ಕೂ, ಗುಳೇದಗುಡ್ಡದಲ್ಲಿ ನನ್ನ ಹೆಂಡತಿ ಗಿರಿಜಾಳ ತಮ್ಮ ಈರಣ್ಣನ ಮಗಳ ಮದುವೆ ಗೊತ್ತಾಗುವುದಕ್ಕೂ ಸರಿಹೋಯಿತು. ಈರಣ್ಣ ಮನೆಯಲ್ಲೇ ಮಗ್ಗ ಹಾಕಿಕೊಂಡು ಕುಪ್ಪಸದ ಖಣ ನೇಯುವವನು. ಅವನ ಖಾತೆಯೂ ನಮ್ಮ ಬ್ಯಾಂಕಿನಲ್ಲೇ ಇತ್ತು. ಮದುವೆಯ ಉಡುಗೊರೆಯಾಗಿ ಐದು ಸಾವಿರದ ಒಂದು ರೂಪಾಯಿ ಆಯೇರಿ ಮಾಡುವುದೆಂದು ನಿಶ್ಚಯವಾಗಿತ್ತು. ಅಷ್ಟನ್ನು ಕಿಸೆಯಲ್ಲಿಟ್ಟುಕೊಂಡು ಮದುವೆ ಸೀಜನ್ನಿನ ಬಸ್ಸು ಹತ್ತುವುದೆಂದರೆ ದಾರಿಯಲ್ಲೇ ಯಾರಿಗೋ ಆಯೇರಿ ಮಾಡಿದಂತೆ. ಹಿಂದೊಮ್ಮೆ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಪುಣ್ಯಾತ್ಮ ನನ್ನ ಕಿಸೆ ಕತ್ತರಿಸಿದ್ದ. ಹೋದ ರೊಕ್ಕಕ್ಕಿಂತ ಹೊಸ ಪ್ಯಾಂಟಿಗಾಗಿ ನಾನು ಹೆಚ್ಚು ಮರುಗಿದ್ದೆ. ಆದ್ದರಿಂದ ಈ ಸಲ ಯಂತ್ರದ ಮೂಲಕವೇ ಎಂದು ಸಾರಿದೆ.

“ಅಲ್ರೀ, ಯಂತ್ರದಾಗ ಹಾಕಿದ್ರ ಮೈಕಿನಾಗ ಹೆಂಗ ಬರ್ತೈತಿ?” ಎಂದಳು ಗಿರಿಜಾ.

ಅವಳ ಚಿಂತೆ ಸಣ್ಣದಲ್ಲ. ನಮ್ಮ ಕಡೆ ಆಯೇರಿ ಕೊಟ್ಟವರ ಹೆಸರು, ಊರು, ರೊಕ್ಕ ಎಲ್ಲವನ್ನೂ ಹಂದರದಲ್ಲಿ ಮೈಕಿನಲ್ಲಿ ಕೂಗುತ್ತಾರೆ. “ಇಲಕಲ್ಲಿನಿಂದ ನಮ್ಮಕ್ಕ ಬಂದು ಕೂಗಿಸ್ತಾಳ. ನನ್ನ ಹೆಸರ ಬರಲಿಲ್ಲಂದ್ರ ತವರಮನಿ ಮಂದಿಗೆ ನಾ ಹೆಂಗ ಮಾರಿ ತೋರಸ್ಲಿ?”

“ಯಂತ್ರ ಚೀಟಿ ಕೊಡತೈತಿ. ಬೇಕಂದ್ರ ಅದನ್ನ ತೋರಿಸಿದ್ರಾತು. ನೀ ಸುಮ್ನ ಬಾ” ಎಂದೆ ನಾನು, ವಿಜ್ಞಾನಿಯ ಗತ್ತಿನಲ್ಲಿ. ಅಂದೇ ಸಂಜೆ ಈರಣ್ಣನ ಖಾತೆಗೆ ಹಣ ಹಾಕಿ ಚೀಟಿಯನ್ನು ಕಿಸೆಗೆ ಸೇರಿಸಿದೆ.

ಮದುವೆಯ ದಿನ ವಧೂವರರ ತಲೆಗೆ ಅಕ್ಕಿಕಾಳು ಬಿತ್ತು, ಆಯೇರಿ ಕೂಗುವುದು ಶುರುವಾಯಿತು. ಇಲಕಲ್ಲಿನ ಅಕ್ಕನ ಹೆಸರು ಬಂತು. ಬೇವೂರಿನ ಯಾರೋ ದೂರದ ಬೀಗರ ಹೆಸರೂ ಬಂತು. ನಮ್ಮದು ಬರಲೇ ಇಲ್ಲ. ಮದುವೆ ಗಡಿಬಿಡಿಯಲ್ಲಿ ಈರಣ್ಣ ಬ್ಯಾಂಕಿನ ಕಡೆ ತಲೆ ಹಾಕಿರಲಿಲ್ಲ, ಹಣ ಬಂದದ್ದೇ ಅವನಿಗೆ ಗೊತ್ತಿರಲಿಲ್ಲ. ಮುಂದಿನ ಸಾಲಿನ ಹೆಂಗಸರು ಗಿರಿಜಾಳನ್ನು ತಿರುತಿರುಗಿ ನೋಡತೊಡಗಿದರು. ಅವಳ ಕಣ್ಣಲ್ಲಿ ನೀರಾಡಿತು. “ನಾ ಹೇಳಿದ್ದಿಲ್ಲೇನ್ರಿ?” ಎಂದಳು. ಕಿಸೆಯಿಂದ ಚೀಟಿ ತೆಗೆದು ಮೈಕಿನ ಕಡೆ ಓಡಿದೆ.

ಮೈಕು ಹಿಡಿದಿದ್ದವರು ಮಲ್ಲಪ್ಪ ಮಾಸ್ತರು. ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಆಮೇಲೆ ಯಾರೂ ಅವರಿಗೆ ಇಂಗ್ಲಿಷ್ ಓದಲು ಕೊಟ್ಟಿರಲಿಲ್ಲ. ನನ್ನ ಚೀಟಿ ಕಂಡದ್ದೇ ಕನ್ನಡಕ ಏರಿಸಿ, “ಬಾಗಲಕೋಟಿ ಅಳಿಯಂದ್ರು ಗುರುಪಾದಪ್ಪ ಮತ್ತ ಗಿರಿಜಾ ಇವರಿಂದ, ಎಟಿಎಂ ಮುಖಾಂತರ, ಐದು ಸಾವಿರದ ಒಂದು ರೂಪಾಯಿ!” ಎಂದು ಗುಡುಗಿದರು. ಹಂದರವೆಲ್ಲ ಅಹಾ ಎಂದಿತು. ಗಿರಿಜಾಳ ಮುಖ ಅರಳಿತು. ಅಲ್ಲಿಗೇ ನಿಲ್ಲಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಆದರೆ ಮಾಸ್ತರು ಓದಲು ಹಿಡಿದದ್ದನ್ನು ಅರ್ಧಕ್ಕೆ ಬಿಟ್ಟವರೇ ಅಲ್ಲ. “ಇದನ್ನ ಕೊಟ್ಟ ಮ್ಯಾಲ ಅವರ ಖಾತೇದಾಗ ಉಳಿದದ್ದು, ಎಪ್ಪತ್ಮೂರು ರೂಪಾಯಿ ನಾಲ್ವತ್ತು ಪೈಸಾ!”

ಈರಣ್ಣ ಓಡಿ ಬಂದು ನನ್ನ ಕೈ ಹಿಡಿದು, “ಮಾಮಾರ, ತಿರುಗಿ ಹೋಗಾಕ ಬಸ್ ಚಾರ್ಜಿಗರ ರೊಕ್ಕ ಐತಿಲ್ರಿ?” ಎಂದು ಕಕ್ಕುಲಾತಿಯಿಂದ ಪಿಸುಗುಟ್ಟಿದ. ಮೈಕು ಇನ್ನೂ ಚಾಲೂ ಇತ್ತು. ಪಿಸುಮಾತು ಅಡಿಗೆಯವರ ತನಕ ಕೇಳಿಸಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ.

ಆಗ ಗಿರಿಜಾ ಎದ್ದಳು. ಸೆರಗು ಸರಿಮಾಡಿಕೊಂಡು ನೆಟ್ಟಗೆ ಬಂದವಳೇ ಮಾಸ್ತರ ಕೈಯಿಂದ ಮೈಕು ಇಸಿದುಕೊಂಡಳು. “ಅದು ಅವರ ಖಾತೇದ್ದು. ಮನಿ ರೊಕ್ಕ ನನ್ನ ಹತ್ರ ಐತಿ. ಯಾರೂ ಕಾಳಜಿ ಮಾಡಬ್ಯಾಡ್ರಿ, ಊಟಕ್ಕ ಏಳ್ರಿ!”

ಚಪ್ಪಾಳೆಯೋ ಚಪ್ಪಾಳೆ. ನಾನೂ ಹೊಡೆದೆ. ಹೊಡೆಯುತ್ತಿರುವಾಗ ಹೊಳೆಯಿತು, ಮನೆಯಲ್ಲಿ ಬೇರೆ ರೊಕ್ಕವಿದೆ ಎಂಬ ಸುದ್ದಿಯನ್ನು ನಾನೂ ಇದೀಗಷ್ಟೇ ಕೇಳುತ್ತಿದ್ದೇನೆ ಎಂದು.

ಬಸ್ಸಿನಲ್ಲಿ ಮೆಲ್ಲಗೆ, “ಎಷ್ಟೈತಿ?” ಎಂದೆ. “ನಿಮಗ್ಯಾಕ ಬೇಕದು? ಸುಮ್ನ ಕುಂದರ್ರಿ” ಎಂದು ಕಿಟಕಿಯ ಕಡೆ ತಿರುಗಿದಳು. ಮುಂದಿನ ವಾರ ಅವಳು ಸಂತೆಗೆ ಹೋದದ್ದೇ ತಡ, ಜೋಳದ ಡಬ್ಬಿ, ಬೇಳೆಯ ಡಬ್ಬಿ, ಹಾಸಿಗೆ ಗಂಟು, ದೇವರ ಗೂಡು ಎಲ್ಲ ತಡಕಿದೆ. ಒಂದು ದಮ್ಮಡಿ ಸಿಗಲಿಲ್ಲ. ಬೆವರು ಒರೆಸಿಕೊಂಡು, ಎಲ್ಲವನ್ನೂ ಇದ್ದಂತೆಯೇ ಜೋಡಿಸಿಟ್ಟು, ಪೇಪರ್ ಹಿಡಿದು ಕೂತೆ.

ಗಿರಿಜಾ ಬಂದಳು. ಕಾಯಿಪಲ್ಲೆ ಚೀಲ ಇಳಿಸಿ, ಅಡಿಗೆಮನೆಗೆ ಹೋಗಿ, ನೀರು ಕುಡಿದು, ಅಲ್ಲಿಂದಲೇ ಕೇಳಿದಳು:

“ಸಿಕ್ತೇನ್ರಿ?”