ಎಂಟು ರಾತಲು ಮಳೆ

“ಈ ವರ್ಸ ನಂಗೆ ತಿಳೀದೆ ಮದ್ದೂರಿನ ಮೇಲೆ ಒಂದು ಹನಿ ಬೀಳ್ಲಿ, ನೋಡೇಬುಡ್ತೀನಿ!”

ಬೆಲ್ಲದ ಮಂಡಿಯ ಹುಚ್ಚೀರಯ್ಯ ಹೀಗೆ ಘೋಷಿಸಿದ್ದು ಯುಗಾದಿಯ ಮಾರನೆಯ ದಿನ, ಹಿತ್ತಲಲ್ಲಿ ನಿಂತು, ಎಮ್ಮೆಯ ಎದುರಿಗೆ. ಮಹಾಯುದ್ಧ ಶುರುವಾಗಿ ಅದು ಎರಡನೆಯ ಬೇಸಿಗೆ. ಯಾರು ಏನು ಘೋಷಿಸಿದರೂ ನಡೆಯುತ್ತಿದ್ದ ಕಾಲ. ಎಮ್ಮೆ ಆಕ್ಷೇಪಿಸಲಿಲ್ಲ. ಹೆಂಡತಿ ಮಹದೇವಮ್ಮ ಆಕ್ಷೇಪಿಸಿದಳು.

“ಬೀಳೋದು ಗೊತ್ತಾದ್ರೆ ಏನ್ ಮಾಡೀರಿ? ಅಡ್ಡ ನಿಂತ್ಕಂಡೀರಾ?”

“ಇದು ವಿಜ್ಞಾನ ಕಣಮ್ಮಿ. ನಿಂಗೆ ತಿಳಿಯಾಕಿಲ್ಲ.”

ವಿಜ್ಞಾನವೆಂದರೆ ಹಿತ್ತಲ ನಡುವೆ ಹೂತಿದ್ದ ತಾಮ್ರದ ಮಳೆ ಮಾಪಕ. ಮಳವಳ್ಳಿಯ ಸ್ಕೂಲು ಮೇಷ್ಟ್ರು ಸಿದ್ದರಾಜು ಬರೆದುಕೊಟ್ಟ ನಕ್ಷೆಯಂತೆ ಪಾತ್ರೆ ಬಡಿಯುವವರಿಂದ ಮಾಡಿಸಿದ್ದು. ಮೇಲೊಂದು ಆಲಿಕೆ, ಒಳಗೊಂದು ಸೀಸೆ, ಅಳೆಯಲು ಇಂಚು ಸೆಂಟು ಗೀರಿದ ಗಾಜಿನ ಲೋಟ. ನೂರು ಸೆಂಟಿಗೆ ಒಂದು ಇಂಚು. ನಕ್ಷೆಯ ಅಡಿಯಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು: “ಮಾಪಕದ ಮೇಲೆ ಸೂರು ಸರ್ವಥಾ ಇರಕೂಡದು.” ಹುಚ್ಚೀರಯ್ಯ ಈ ವಾಕ್ಯವನ್ನು ಬಂದವರಿಗೆಲ್ಲ ಎಷ್ಟು ಸಲ ಓದಿ ಹೇಳಿದ್ದನೆಂದರೆ, ಅಕ್ಷರ ಬಾರದ ಮಹದೇವಮ್ಮನಿಗೂ ಅದು ಬಾಯಿಪಾಠವಾಗಿತ್ತು.

ಆದರೆ ಬಿದ್ದ ಮಳೆಯನ್ನು ಅಳೆಯುವುದೇನು ಮಹಾ? ಮಾರಿಹೋದ ಬೆಲ್ಲವನ್ನು ತೂಗಿದಂತೆ! ಜಾಣತನ ಇರುವುದು ಬರುವ ಮಳೆಯನ್ನು ಹಿಡಿಯುವುದರಲ್ಲಿ. ಮೇಷ್ಟ್ರ ಹತ್ತಿರ ಗಾಳಿಯ ಒತ್ತಡ ತೋರಿಸುವ ಮುಳ್ಳಿನ ಯಂತ್ರವೊಂದಿತ್ತು. ಮುಳ್ಳು ಇಳಿದ ಕೂಡಲೇ ಅವರು ಮದ್ದೂರಿಗೆ ಕಾರ್ಡು ಬರೆಯುತ್ತಿದ್ದರು: “ನಾಳೆ ಗುಡುಗು ಸಹಿತ ಬಿರುಮಳೆ, ಎಚ್ಚರ.” ಕಾರ್ಡು ಮೂರನೆಯ ದಿನ ತಲುಪುತ್ತಿತ್ತು. ಹುಚ್ಚೀರಯ್ಯ ಅದನ್ನು ಓದಿ, ಅಂಗಳದ ಕೆಸರನ್ನು ನೋಡಿ, “ಮೇಷ್ಟ್ರು ಹೇಳಿದ್ರೆ ತಪ್ಪೋ ಮಾತೇ ಇಲ್ಲ!” ಎಂದು ತಲೆದೂಗುತ್ತಿದ್ದ.

ಮಂಡ್ಯದ ಕಡೆಯಿಂದ ಬರುವ ಮಳೆಗೆ ಅವನೇ ಒಂದು ಉಪಾಯ ಹೂಡಿದ. ಮಹದೇವಮ್ಮನ ತಮ್ಮ ಚಿಕ್ಕಬೋರಯ್ಯನಿಗೆ ಹನಕೆರೆ ಸ್ಟೇಷನ್ನಿನ ಪಕ್ಕದಲ್ಲೇ ವೀಳ್ಯದೆಲೆ ತೋಟ. ಅವನು ಪ್ರತಿ ಮಧ್ಯಾಹ್ನ ಬಯಲಲ್ಲಿ ಒಂದು ಗೋಣಿಚೀಲ ಹರಡಬೇಕು. ಸಂಜೆ ರೈಲು ಬಂದಾಗ ಅದನ್ನು ಸುತ್ತಿ, ಹಗ್ಗ ಬಿಗಿದು, ಪರಿಚಯದ ಗಾರ್ಡಿನ ಕೈಗೆ ಕೊಡಬೇಕು. ಮುಂದಿನ ನಿಲ್ದಾಣ ಮದ್ದೂರಿನಲ್ಲಿ ಹುಚ್ಚೀರಯ್ಯ ಅದನ್ನು ಇಳಿಸಿಕೊಂಡು, ಮಂಡಿಯ ತಕ್ಕಡಿಗೆ ಹಾಕುವನು. ಒಣ ಗೋಣಿ ಎರಡು ರಾತಲು. ನಾಲ್ಕು ತೂಗಿದರೆ ಹನಕೆರೆಯಲ್ಲಿ ಮಳೆ. ಆರು ದಾಟಿದರೆ ಬಿರುಮಳೆ. ಮೋಡ ರೈಲಿಗಿಂತ ನಿಧಾನ. ಮದ್ದೂರಿಗೆ ಮುಕ್ಕಾಲು ಗಂಟೆ ಬಿಡುವು!

ಎರಡು ಸಲ ಇದು ಸರಿಯಾಗಿಯೇ ನಡೆಯಿತು. ಎರಡನೆಯ ಸಲವಂತೂ ಹುಚ್ಚೀರಯ್ಯ ಗಡಿಯಾರ ಹಿಡಿದು ನಿಂತು, “ಈಗ!” ಎಂದ ಗಳಿಗೆಯಲ್ಲೇ ಮೊದಲ ಹನಿ ಬಿತ್ತು. ಅಂದಿನಿಂದ ಎದುರು ಮನೆಯ ಬೀರಮ್ಮ ಅವನನ್ನು ಕೇಳದೆ ಮೆಣಸಿನಕಾಯಿ ಒಣಹಾಕುವುದನ್ನು ಬಿಟ್ಟಳು. ಅವನು ಯಾರೂ ಕೇಳದೆಯೇ ಮಳೆಯ ಮಾತಾಡುವುದನ್ನು ಶುರುಮಾಡಿದ.

ಹೀಗಿರುವಾಗ ಮಗಳು ಶಿವನಂಜಮ್ಮ ಚೊಚ್ಚಲ ಹೆರಿಗೆಗೆ ಶುಕ್ರವಾರ ಬರುವಳೆಂದು ಬೀಗರಿಂದ ಸುದ್ದಿ ಬಂತು. ಹಿಂದಿನ ವರ್ಷ ಮುಂಗಾರಿನಲ್ಲಿ ಮನೆಯ ಸೂರು ಎಲ್ಲ ಕಡೆ ಸೋರಿತ್ತು.

“ಬಾಣಂತಿ ಮಲಗೋ ಕೋಣೆ. ಒಂದು ತೊಟ್ಟು ನೀರು ಬೀಳಕೂಡ್ದು. ಹೆಂಚು ಕೈಯಾಡಿಸಲೇಬೇಕು,” ಎಂದಳು ಮಹದೇವಮ್ಮ. “ಬಿತ್ತೋ, ನಿಮ್ಮ ಆ ತಾಮ್ರದ ಚೊಂಬು ಎಮ್ಮೆ ಕಲಗಚ್ಚಿಗೆ!”

“ಬೀಳಾಕಿಲ್ಲ. ಬುಧವಾರ ಸೂರು ಬಿಚ್ಸು. ಅವತ್ತು ಮಳೆಗೆ ನನ್ನ ಅಪ್ಪಣೆಯಿಲ್ಲ.”

ಹೆಂಚು ಕೈಯಾಡಿಸುವ ಅಂಕಯ್ಯನಿಗೂ ಬಿಡುವಿದ್ದದ್ದು ಆ ಬುಧವಾರ ಒಂದೇ. ಗುರುವಾರ ಬೆಳಿಗ್ಗೆ ಅವನು ನಿಡಘಟ್ಟಕ್ಕೆ ಹೋಗಬೇಕು. ಹೋದರೆ ಎಂಟು ದಿನ ಈ ಕಡೆ ತಲೆ ಹಾಕುವವನಲ್ಲ. ಮಹದೇವಮ್ಮ ಮಗಳ ಕೋಣೆಯಿಂದಲೇ ಶುರುಮಾಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಅದು ಮುಗಿದು, ನಡುಮನೆಯ ಮೇಲಿನ ನಾಡಹೆಂಚುಗಳೆಲ್ಲ ಅಂಗಳಕ್ಕಿಳಿದವು. ಸಂಜೆ ಐದೂಮುಕ್ಕಾಲಿಗೆ ನಡುಮನೆಯಲ್ಲಿ ನಿಂತು ಕತ್ತೆತ್ತಿದರೆ ಬರಿಯ ಬಿದಿರ ಗಳು, ಗಳುಗಳ ನಡುವೆ ನೀಲಿ ಆಕಾಶ.

ಆಗ ರೈಲು ಬಂತು.

ಗಾರ್ಡು ಎಸೆದ ಗೋಣಿ ಹುಚ್ಚೀರಯ್ಯನ ಎದೆಗೆ ಧೊಪ್ಪೆಂದು ಬಡಿಯಿತು. ಒದ್ದೆ! ತೊಟ್ಟಿಕ್ಕುತ್ತಿದೆ! ಎಂದಿಗಿಂತ ದಪ್ಪವಾಗಿಯೂ ಇದೆ. ನೀರು ಕುಡಿದು ಊದಿಕೊಂಡಿದೆ ಎಂದು ಅವನ ವಿಜ್ಞಾನ ಹೇಳಿತು. ಮಂಡಿಗೆ ಓಡಿ ತಕ್ಕಡಿಗೆ ಹಾಕಿದ. ಎಂಟು ರಾತಲು! ಅವನ ಶಾಸ್ತ್ರದಲ್ಲಿ ಎಂಟಕ್ಕೆ ಹೆಸರೇ ಇರಲಿಲ್ಲ.

ಗೋಣಿಯನ್ನು ಹೆಗಲಿಗೆ ಹಾಕಿಕೊಂಡು ಬೀದಿಯುದ್ದಕ್ಕೂ ಓಡಿದ. “ಪ್ರಳಯ ಬತ್ತಾ ಐತೆ! ಎಂಟು ರಾತಲು ಮಳೆ! ಒಣಾಕಿರೋದೆಲ್ಲ ಬಾಚ್ಕಳಿ! ಅಂಕಯ್ಯ, ಹೆಂಚು ಮುಚ್ಚಲಾ!”

ಏಣಿಯ ಮೇಲಿದ್ದ ಅಂಕಯ್ಯ ಆಕಾಶ ನೋಡಿದ. “ಅಂಗೈಯಗಲ ಮೋಡ ಇಲ್ವಲ್ಲ ಸಾವ್ಕಾರ್ರೆ!”

“ಆಕಾಶ ಸುಳ್ಳು ಹೇಳಬೌದು ಕಣಯ್ಯ. ತಕ್ಕಡಿ ಹೇಳಾಕಿಲ್ಲ!”

ಬೆಲ್ಲದ ವ್ಯಾಪಾರಿಯೊಬ್ಬ ನಡುಬೀದಿಯಲ್ಲಿ ನಿಂತು ಹೀಗೆ ಕೂಗಿದ್ದು ಮದ್ದೂರಿನ ಚರಿತ್ರೆಯಲ್ಲಿ ಅದೇ ಮೊದಲಿರಬೇಕು.

ಬೀರಮ್ಮ ಮೆಣಸಿನಕಾಯಿ ಬಾಚಿಕೊಂಡು ಸೀನುತ್ತಾ ಒಳಗೋಡಿದಳು. ಬೀದಿಯ ಗಂಡಸರೆಲ್ಲ ಬಂದು ಸಾಲಾಗಿ ನಿಂತು ಹೆಂಚು ದಾಟಿಸಿದರು. ಅಂಕಯ್ಯ, “ಒಂದು ಸಾಲು ಅಂಗಾತ, ಮೇಲಿಂದು ಬೋರಲು! ನಿಧಾನ!” ಎಂದು ಅರಚುತ್ತಿದ್ದ. ಮುಕ್ಕಾಲು ಗಂಟೆಯಲ್ಲಿ ಪ್ರಳಯವಿರುವಾಗ ಅಂಗಾತವೇನು, ಬೋರಲೇನು? ಹುಚ್ಚೀರಯ್ಯ ಪಂಚೆ ಎತ್ತಿಕಟ್ಟಿ ತಾನೇ ಮೇಲೇರಿ, ಕೈಗೆ ಬಂದದ್ದನ್ನು ಬಂದಂತೆ ಜೋಡಿಸಿದ. ಅವನ ಕಾಲ ಕೆಳಗೆ ನಲವತ್ತು ಹೆಂಚು ಪುಡಿಯಾದವು. ಗಡಿಯಾರ ತೆಗೆದು ನೋಡಿದರೆ ಇನ್ನೂ ಎರಡು ನಿಮಿಷವಿತ್ತು! ಮಾಡಿನ ಮೇಲೆ ನಿಂತು, ಪಡುವಣಕ್ಕೆ ತಿರುಗಿ, ಆ ಎರಡು ನಿಮಿಷ ಕಳೆದದ್ದೇ “ಈಗ!” ಎಂದ.

ಸೂರ್ಯ ನಿಶ್ಚಿಂತೆಯಿಂದ ಮುಳುಗಿದ. ಹನಕೆರೆಯ ದಿಕ್ಕಿನಲ್ಲಿ ಒಂದು ಚುಕ್ಕಿ ಕಂಡಿತು.

ಎದುರು ಮನೆಯಿಂದ ಬೀರಮ್ಮನ ದನಿ ಬಂತು. “ಹುಚ್ಚೀರಣ್ಣ, ಮಳೆ ನಿಂತಿದ್ರೆ ಹೇಳಣ್ಣ, ಮೆಣಸಿನ್ಕಾಯಿ ಹರವ್ತೀನಿ!”

ಉಂಡಾದ ಮೇಲೆ ಮಹದೇವಮ್ಮ ತಟ್ಟೆಯಲ್ಲಿ ಎಲೆ ಅಡಿಕೆ ತಂದಿಟ್ಟಳು. ಎಳೆಯ ಎಲೆ, ನೀರ ಹನಿ ಇನ್ನೂ ಹೊಳೆಯುತ್ತಿತ್ತು.

“ತಕ್ಕಳಿ, ನಿಮ್ಮ ಬಿರುಮಳೆ. ಸುಣ್ಣ ಹಚ್ಚಿವ್ನಿ, ಅಗೀರಿ.”

ಹುಚ್ಚೀರಯ್ಯ ಎಲೆ ನೋಡಿದ. ಮೂಲೆಯಲ್ಲಿ ಬಿಚ್ಚಿ ಬಿದ್ದಿದ್ದ ಗೋಣಿ ನೋಡಿದ. ಅದರ ಒಳಗೆ ಇನ್ನೂ ಐದಾರು ಕಟ್ಟು ವೀಳ್ಯದೆಲೆ ಹಾಯಾಗಿ ಮಲಗಿದ್ದವು.

ಮಾರನೆಯ ಬೆಳಿಗ್ಗೆ ಚಿಕ್ಕಬೋರಯ್ಯನೇ ಬಂದ. “ಶಿವನಂಜಿ ಬತ್ತಾವ್ಳೆ, ಮುತ್ತೈದೇರ್ಗೆ ಕೊಡಾಕೆ ಎಲೆ ಬೇಕಾಯ್ತದೆ ಅಂತ ಕಳಿಸ್ದೆ ಭಾವ. ಎಂಗೂ ಗೋಣಿ ಬರೀದೇ ಓಯ್ತಿತ್ತಲ್ಲ.”

“ಒದ್ದೆ ಯಾಕ್ಲಾ ಮಾಡಿದ್ದು?”

“ಅಲ್ಲ ಭಾವ, ಎಲೇನ ಒಣ ಗೋಣೀಲಿ ಯಾವನಾರ ಕಟ್ಟಾನಾ? ಬಾಡೋಯ್ತದೆ. ನಾಕು ಚೊಂಬು ನೀರು ಹಾಕ್ದೆ.” ಆಮೇಲೆ ಗೋಣಿಯ ಕಡೆ ನೋಡಿ ಮೆಲ್ಲಗೆ ಸೇರಿಸಿದ: “ಮೂಟೆ ಬಿಚ್ಚಿ ನೋಡ್ದೆ ತೂಕ ಹಾಕೋ ಯಾಪಾರಸ್ಥನ್ನ ನಾನೂ ಇದೇ ಮೊದ್ಲು ಕಂಡಿದ್ದು.”

ಹುಚ್ಚೀರಯ್ಯ ಮೂವತ್ತು ವರ್ಷದಿಂದ ಪ್ರತಿ ಅಚ್ಚು ಬೆಲ್ಲವನ್ನೂ ಒಡೆದು, ಮೂಸಿ, ನಾಲಗೆಗಿಟ್ಟು ಕೊಳ್ಳುತ್ತಿದ್ದವನು.

“ಒಂದ್ಸಲ ನಿಮ್ಮ ಭಾವನ ತಲೇನೂ ತಕ್ಕಡೀಲಿಟ್ಟು ನೋಡ್ಲಾ,” ಎಂದಳು ಮಹದೇವಮ್ಮ ತಮ್ಮನಿಗೆ. “ಒಳಗೇನಾರ ಐತೋ, ಬರೀ ನೀರು ಕುಡ್ದು ಊದೈತೋ ಗೊತ್ತಾಯ್ತದೆ.”

ಅಂಕಯ್ಯ ಅಷ್ಟು ಹೊತ್ತಿಗೆ ನಿಡಘಟ್ಟದ ದಾರಿ ಹಿಡಿದಾಗಿತ್ತು.

ಶುಕ್ರವಾರ ಮಧ್ಯಾಹ್ನ ಶಿವನಂಜಮ್ಮ ಬಂದು ಕೋಣೆಯ ಮಂಚದ ಮೇಲೆ ಕೂತು ಕಾಲು ಚಾಚಿದಳು. ಮೂರು ಗಂಟೆಗೆ ಮಳೆ ಬಂತು. ಹನಕೆರೆಯಿಂದಲ್ಲ, ಗೋಣಿ ಕಾವಲಿಲ್ಲದ ಮಳವಳ್ಳಿಯ ಕಡೆಯಿಂದ! ಗುಡುಗು, ಗಾಳಿ, ಆಲಿಕಲ್ಲು, ಒಂದನ್ನೂ ಬಿಡದೆ ಬಂತು. ಮಗಳ ಕೋಣೆಗೆ ಒಂದು ತೊಟ್ಟೂ ಇಳಿಯಲಿಲ್ಲ. ನಡುಮನೆಯಲ್ಲಿ ಮಾತ್ರ, ಹುಚ್ಚೀರಯ್ಯ ಕೈಯಾರೆ ಜೋಡಿಸಿದ ಹೆಂಚುಗಳು ನೀರನ್ನು ಹೊರಕ್ಕೆ ಹರಿಸುವ ಬದಲು ಒಟ್ಟುಗೂಡಿಸಿ ಧಾರೆಯಾಗಿ ಒಳಗೇ ಸುರಿದವು. ಕೊಳಗ, ಕೊಪ್ಪರಿಗೆ, ಹಿಟ್ಟಿನ ಬೋಗುಣಿ ಎಲ್ಲ ಇಟ್ಟಾಯಿತು. ಇನ್ನೂ ಒಂದು ಧಾರೆ ಉಳಿಯಿತು. ಹುಚ್ಚೀರಯ್ಯ ಹಿತ್ತಲಿಗೆ ಓಡಿ ಮಾಪಕವನ್ನು ಕಿತ್ತು, ಒಳಗಿದ್ದ ನೀರನ್ನು ಅಳೆದು ಗುರುತುಹಾಕಿಕೊಳ್ಳುವಷ್ಟೂ ಪುರುಸೊತ್ತಿಲ್ಲದೆ ಚೆಲ್ಲಿ, ತಂದು ಅದರ ಕೆಳಗಿಟ್ಟ.

“ಅಪ್ಪ, ಈಚೆ ಕೋಣೇಗೆ ಬಾ, ನೆಂದೋದೀಯ,” ಎಂದು ಶಿವನಂಜಮ್ಮ ಮಂಚದ ಮೇಲಿಂದ ಕರೆದಳು.

ಶನಿವಾರ ಮೇಷ್ಟ್ರ ಕಾರ್ಡು ಬಂತು: “ಮುಳ್ಳು ಬಹಳ ಇಳಿದಿದೆ. ಶುಕ್ರವಾರ ತಮ್ಮಲ್ಲಿಗೆ ಬಿರುಮಳೆ ಖಂಡಿತ. ಅಳತೆಯನ್ನು ತಪ್ಪದೆ ತಿಳಿಸುವುದು.”

ಹುಚ್ಚೀರಯ್ಯ ಕಂಬಕ್ಕೊರಗಿ ಉತ್ತರ ಬರೆಯತೊಡಗಿದ. ಸುಳ್ಳು ಲೆಕ್ಕ ಬರೆಯುವುದು ಅವನ ವಿಜ್ಞಾನಕ್ಕೆ ಒಗ್ಗದು. ಮಾಪಕ ತುಂಬಿ ಹೊರಚೆಲ್ಲಿದ್ದರಿಂದ “ಅಳತೆಗೆ ಮೀರಿದ್ದು” ಎಂದು ಬರೆದ. ಮುಂದೆ, “ಮಾಪಕವಿದ್ದ ಸ್ಥಳ” ಎಂಬಲ್ಲಿ ಲೇಖನಿ ನಿಂತುಹೋಯಿತು.

ನಡುಮನೆಯ ನೀರನ್ನು ಪೊರಕೆಯಿಂದ ಹೊಸಲಿನಾಚೆಗೆ ತಳ್ಳುತ್ತಿದ್ದ ಮಹದೇವಮ್ಮ ಬಗ್ಗಿದಲ್ಲಿಂದಲೇ ಕೇಳಿದಳು. “ಯಾಕೆ ನಿಲ್ಸುದ್ರಿ?”

“ನಡುಮನೆ ಅಂತ ಎಂಗಮ್ಮಿ ಬರೀಲಿ? ಮೇಷ್ಟ್ರು ಒಪ್ಪಾಕಿಲ್ಲ.”

“ಧಾರಾಳ ಒಪ್ತಾರೆ, ಬರೀರಿ,” ಎಂದಳು ಅವಳು, ಒಮ್ಮೆ ಮೇಲಕ್ಕೆ ನೋಡಿ. “ಅದರ ಮೇಲೆ ಸೂರು ಸರ್ವಥಾ ಇರಲಿಲ್ಲ.”