ಬಾಲಾಜಿ ಮೌಸ್ ಬಿಟ್ಟ ದಿನ

ಬಾಲಾಜಿಯ ಬುದ್ಧಿ ಕೆಟ್ಟಿದ್ದು ಬೆಳಗಿನ ರೈಲಿನಲ್ಲಿ, ಮೊಬೈಲ್ ನೋಡುತ್ತ. "ಮೌಸ್ ಹಿಡಿದು ಕೆಲಸ ಮಾಡುವವರು ಗೋಡೆ ಹಿಡಿದು ನಡೆಯುವವರಿದ್ದಂತೆ! ಶಾರ್ಟ್‌ಕಟ್ ಕಲಿಯಿರಿ, ಓಡಿರಿ!" ಎಂದು ವಿಡಿಯೋದಲ್ಲಿ ಒಬ್ಬ ಗಡ್ಡದವನು ಅಬ್ಬರಿಸುತ್ತಿದ್ದ. ಬಾಲಾಜಿಗೆ ಓಡಲೇಬೇಕಾದ ತುರ್ತು ಅವತ್ತೇ ಇತ್ತು.

ಆಂಡರ್ಸನ್‌ಪೇಟೆಯ ಮುನಿಸ್ವಾಮಪ್ಪನವರ ಮದುವೆ ಕಾರ್ಡಿನ ಅಂಗಡಿಯಲ್ಲಿ ಅವನು ಕಂಪ್ಯೂಟರ್ ಆಪರೇಟರ್. ಮನೆ ಬಂಗಾರಪೇಟೆಯಲ್ಲಿ. ಮೊದಲ ರೈಲಿಗೆ ಬಂದರೆ ಅಂಗಡಿಯ ಬಾಗಿಲು ತೆರೆದಿರುತ್ತಿರಲಿಲ್ಲ. ಎರಡನೆಯದಕ್ಕೆ ಬಂದರೆ ಮುನಿಸ್ವಾಮಪ್ಪನವರ ಬಾಯಿ ತೆರೆದಿರುತ್ತಿತ್ತು. ಈಗ ಅವರು ಬಂಗಾರಪೇಟೆ ಸ್ಟೇಷನ್ ಹತ್ತಿರ ಇನ್ನೊಂದು ಅಂಗಡಿ ಹಾಕುವವರಿದ್ದರು. ಬಾಲಾಜಿಯ ಮನೆಯಿಂದ ಅಲ್ಲಿಗೆ ಚಪ್ಪಲಿ ಸವೆಯುವಷ್ಟೂ ದೂರವಿರಲಿಲ್ಲ. "ಯಾರ ಕೈ ಚುರುಕೋ ಅವ್ರಿಗೆ ಆ ಅಂಗಡಿ. ಸೋಮವಾರ ಹೇಳ್ತೀನಿ" ಎಂದಿದ್ದರು ಮುನಿಸ್ವಾಮಪ್ಪ. ಅವತ್ತು ಸೋಮವಾರ.

ಇದ್ದ ಇನ್ನೊಬ್ಬ ಆಪರೇಟರ್ ಎಂದರೆ ವನಿತಾ. ಅವಳ ಮನೆ ಅಂಗಡಿಯ ಹಿಂದಿನ ಬೀದಿಯಲ್ಲೇ. ತಮ್ಮ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಸೀಟಿನಲ್ಲಿ ಕೂತೇ ಎಣಿಸುತ್ತಿದ್ದಳು. ಬಂಗಾರಪೇಟೆಗೆ ಹೋಗುವುದು ಅವಳಿಗೆ ಬೇಡವಾಗಿತ್ತು. ಬಾಲಾಜಿಯ ಎದುರು ಸೋಲುವುದು ಅದಕ್ಕಿಂತ ಬೇಡವಾಗಿತ್ತು.

ಬಂದವನೇ ಬಾಲಾಜಿ ಮೌಸನ್ನು ಕಿತ್ತು ಡ್ರಾಯರಿಗೆ ಹಾಕಿದ.

"ಅದನ್ಯಾಕಪ್ಪ ಒಳಗಾಕ್ದೆ, ಕಚ್ತದಾ?" ಎಂದರು ಅನಸೂಯಮ್ಮ. ಕಾರ್ಡುಗಳ ಮೂಲೆಗೆ ಅರಿಶಿನ ಹಚ್ಚಿ ಕಟ್ಟು ಕಟ್ಟುವುದು ಅವರ ಕೆಲಸ. ಎಲ್ಲರ ವಿಷಯಕ್ಕೂ ಬಾಯಿ ಹಾಕುವುದು ಅವರು ಸಂಬಳವಿಲ್ಲದೆ ಮಾಡುತ್ತಿದ್ದ ಸೇವೆ.

"ಮೌಸ್ ಹಿಡಿಯೋರು ಗೋಡೆ ಹಿಡ್ಕೊಂಡು ನಡೆಯೋರಿದ್ದಂಗೆ, ಅನಸೂಯಮ್ಮ. ಇನ್ಮೇಲೆ ಬರೀ ಬೆರಳಲ್ಲೇ ಕೆಲ್ಸ. ನೋಡ್ತಿರಿ."

ವನಿತಾ ತನ್ನ ಮೌಸಿನ ಮೇಲೆ ಕೈಯಿಟ್ಟುಕೊಂಡೇ ನೋಡಿದಳು.

ಕ್ಯಾಸಂಬಳ್ಳಿಯ ಆಂಜನಪ್ಪನ ಮಗಳು ಶ್ವೇತಾಳ ಮದುವೆ ಕಾರ್ಡು ಮಧ್ಯಾಹ್ನದೊಳಗೆ ಆಗಬೇಕಿತ್ತು. ಬಾಲಾಜಿ ಕಂಟ್ರೋಲ್ ಒತ್ತಿ ಸಿ ಒತ್ತಿದ. ವರ ನವನೀತ್‌ನ ಹೆಸರು ಕಾಪಿ ಆಯಿತು. ಕಂಟ್ರೋಲ್ ಒತ್ತಿ ವಿ ಒತ್ತಿದ. ಹೆಸರು ಬಂದು ಕೂತಿತು. ಆಹಾ! ಆ ಖುಷಿಯಲ್ಲಿ ಬೆರಳು ಕೀ ಬಿಡಲೇ ಇಲ್ಲ. ಪರದೆಯ ಮೇಲೆ ಶ್ವೇತಾಳ ಪಕ್ಕದಲ್ಲಿ ನಾಲ್ಕು ಜನ ನವನೀತ್ ಸಾಲಾಗಿ ನಿಂತರು.

"ಇನ್ನೊಂದು ಸಲ ಒತ್ತು," ಎಂದಳು ವನಿತಾ ಇಣುಕಿ ನೋಡಿ. "ಪಾಂಡವರು ಪೂರ್ತಿ ಆಗ್ತಾರೆ."

ಬಾಲಾಜಿ ಹಲ್ಲು ಕಚ್ಚಿ, ಮಾಡಿದ್ದನ್ನು ಅಳಿಸುವ ಶಾರ್ಟ್‌ಕಟ್ ಒತ್ತಿದ. ಮೂವರು ವರರು ಹೋದರು. ಬೆರಳು ಇನ್ನೂ ನಿಲ್ಲಲಿಲ್ಲ. ನಾಲ್ಕನೆಯ ವರನೂ ಹೋದ, ವಧುವೂ ಹೋದಳು, ಛತ್ರವೂ ಊಟದ ಸಮಯವೂ ಹೋಯಿತು. ಗಾಬರಿಯಲ್ಲಿ ಅವನ ಹತ್ತೂ ಬೆರಳುಗಳು, ಸಂತೆಯಲ್ಲಿ ಬಿಟ್ಟ ಕೋಳಿಗಳಂತೆ, ಕೀಬೋರ್ಡಿನ ತುಂಬ ಓಡಾಡಿದವು.

ಕಾರ್ಡು ವಾಪಸು ಬಂತು. ತಲೆಕೆಳಗಾಗಿ ಬಂತು.

ಕಾರ್ಡು ಮಾತ್ರವಲ್ಲ, ಇಡೀ ಪರದೆಯೇ ತಲೆಕೆಳಗಾಗಿತ್ತು. ಗಣಪತಿ ಕಿರೀಟದ ಮೇಲೆ ನಿಂತಿದ್ದ, ಅವನ ಇಲಿ ಆಕಾಶದಲ್ಲಿತ್ತು. ಸರಿಯಾಗಿ ಆ ಹೊತ್ತಿಗೆ ಪ್ರೂಫ್ ನೋಡಲು ಆಂಜನಪ್ಪನೇ ಬಂದು ನಿಂತ.

"ಏನಪ್ಪಾ ಇದು! ನಮ್ ವಿನಾಯಕ ಯಾಕೆ ಇಂಗೆ ತಲೆಕೆಳಗೆ ನಿಂತವ್ನೆ? ನಮ್ ಮಗೀದು ಮದ್ವೆ ನಡೀಬೇಕಾ ಬ್ಯಾಡ್ವಾ?"

"ಇದು ಪ್ರೂಫು ಅಣ್ಣಾ. ಪ್ರಿಂಟ್‌ನಲ್ಲಿ ಸರಿಯಾಗ್ತದೆ."

"ಆಗ್ದಿದ್ರೆ? ಬೀಗರು ನಮ್ಮನ್ನೂ ಇಂಗೇ ನಿಲ್ಲಿಸ್ತಾರೆ. ನನ್ ಕಣ್ಮುಂದೆ ಸರಿ ಮಾಡು, ಆಮೇಲೆ ಓಯ್ತೀನಿ." ಟವೆಲ್ ಕೊಡವಿ ಸ್ಟೂಲಿನ ಮೇಲೆ ಕೂತೇಬಿಟ್ಟ.

ಬಾಲಾಜಿ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ. ರಾತ್ರಿ ಕುಡಿದು ಮಲಗಿದವನು ಬೆಳಿಗ್ಗೆಯೂ ಹಾಗೇ ಏಳುವಂತೆ ಅದು ತಲೆಕೆಳಗಾಗಿಯೇ ಎದ್ದಿತು. ಮೊಬೈಲಿನಲ್ಲಿ 'ತಲೆಕೆಳಗೆ ಸರಿ ಮಾಡುವುದು ಹೇಗೆ' ಎಂದು ಹುಡುಕಿದ. ಶೀರ್ಷಾಸನದ ವಿಡಿಯೋಗಳು ಬಂದವು.

"ಒಳ್ಳೇದೇ ಬಂದೈತೆ," ಎಂದಳು ವನಿತಾ. "ನೀನು ಅದನ್ನ ಹಾಕಿದ್ರೆ ಎಲ್ಲಾ ನೆಟ್ಟಗೆ ಕಾಣ್ತದೆ."

"ವನಿತಾ, ನಿಂಗೇನಾದ್ರೂ ಗೊತ್ತಿದ್ರೆ ಹೇಳೇ."

"ಅಯ್ಯೋ ಸಾಮಿ, ನಾನು ಗೋಡೆ ಹಿಡ್ಕೊಂಡು ನಡೆಯೋಳು. ನಂಗೆಲ್ಲಿಂದ ಗೊತ್ತು?"

ಕೊನೆಗೆ ಅನಸೂಯಮ್ಮನಿಗೆ ತಾಳ್ಮೆ ತಪ್ಪಿತು. "ಒಳಗಿರೋದು ತಲೆಕೆಳಗಾದ್ರೆ ಡಬ್ಬಾನೂ ತಲೆಕೆಳಗೆ ಮಾಡು. ಇಷ್ಟಕ್ಕೆ ಡಿಗ್ರಿ ಬೇಕಾ?"

ಆಂಜನಪ್ಪ ಒಂದು ಕಡೆ, ಬಾಲಾಜಿ ಒಂದು ಕಡೆ ಹಿಡಿದು ಮಾನಿಟರನ್ನು ಬೋರಲು ನಿಲ್ಲಿಸಿದರು. ಕೆಳಗೆ ಕಾರ್ಡಿನ ಕಟ್ಟುಗಳನ್ನು ಪೇರಿಸಿ, ಹಿಂದಿನಿಂದ ಕಟ್ಟು ಕಟ್ಟುವ ದಾರದಿಂದ ಕಿಟಕಿಯ ಸರಳಿಗೆ ಬಿಗಿದರು. ಅದರ ಸ್ಟ್ಯಾಂಡು ಮೊಂಡು ಬಾಲದಂತೆ ಸೂರಿನ ಕಡೆ ಎದ್ದು ನಿಂತಿತು. ಅನಸೂಯಮ್ಮನ ಕೈ ಅಭ್ಯಾಸಬಲದಿಂದ ಮಾನಿಟರಿನ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿತು.

"ಆಂ, ಈಗ ನಮ್ ಸ್ವಾಮಿ ನೆಟ್ಟಗಾದ," ಎಂದು ಆಂಜನಪ್ಪ ಕೈಮುಗಿದು ಹೊರಟ.

ಕೆಲಸವೇನೋ ಸಾಗಿತು. ಆದರೆ ಬಾಲಾಜಿಯ ಕಿವಿ ಬಾಗಿಲಲ್ಲೇ ಇತ್ತು. ಮುನಿಸ್ವಾಮಪ್ಪ ಬಂದು ಇದನ್ನು ಕಂಡರೆ ಬಂಗಾರಪೇಟೆಯ ಮಾತು ಹಾಗಿರಲಿ, ಆಂಡರ್ಸನ್‌ಪೇಟೆಯ ಕುರ್ಚಿಯೂ ಉಳಿಯುವಂತಿರಲಿಲ್ಲ.

ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿದ್ದ ಅವರು ಸಂಜೆ ಬಂದರು. ಕುತ್ತಿಗೆ ನೋವಿಗೆಂದು ಡಾಕ್ಟರು ಕೊಟ್ಟ ಬೆಲ್ಟು ಹಾಕಿಕೊಂಡಿದ್ದರಿಂದ ಇಡೀ ಮೈಯನ್ನೇ ತಿರುಗಿಸಿ ನೋಡಿದರು.

"ಏನ್ಲಾ ಇದು? ನಮ್ ಸಿಸ್ಟಮ್ಮಿಗೆ ಏನ್ಲಾ ಬಂತು ದೊಡ್ಡ ರೋಗ?"

ಉಪಾಯ ಹೇಳಿದ ತಪ್ಪು ತಮ್ಮ ತಲೆಗೆ ಬಂದೀತೆಂದು ಅನಸೂಯಮ್ಮನೇ ಬಾಯಿ ಬಿಟ್ಟರು. "ಕತ್ತು ನೋವಿಗೆ ಒಳ್ಳೇದಂತೆ ಸಾರ್. ಬೆಂಗ್ಳೂರಲ್ಲಿ ದೊಡ್ಡೋರೆಲ್ಲ ಇಂಗೇ ಇಟ್ಕೊಂಡವ್ರಂತೆ. ಬಾಲಾಜಿ ಓದ್ಕೊಂಡು ಬಂದು ಮಾಡವ್ನೆ."

ಮುನಿಸ್ವಾಮಪ್ಪ ಅನುಮಾನದಿಂದಲೇ ಬಾಲಾಜಿಯ ಕುರ್ಚಿಯಲ್ಲಿ ಕೂತರು. ಕಾರ್ಡಿನ ಕಟ್ಟುಗಳ ಮೇಲೆ ಮಾನಿಟರು ಒಂದು ಗೇಣು ಎತ್ತರಕ್ಕೆ ಏರಿದ್ದರಿಂದ ಅವರ ತಲೆ ತಾನಾಗಿ ಮೇಲಕ್ಕೆದ್ದಿತು. ಸ್ವಲ್ಪ ಹೊತ್ತು ಹಾಗೇ ಕೂತರು. ಬೆಲ್ಟು ಬಿಚ್ಚಿದರು.

"ಅರೆರೆ! ನೋವು ಇಳೀತಲ್ಲೋ!"

ಬಾಲಾಜಿಯ ಎದೆಯೊಳಗೆ ಬಂಗಾರಪೇಟೆಯ ರೈಲು ಕೂಗಿತು.

"ಇವತ್ತೇ ತೀರ್ಮಾನ ಮಾಡ್ಬಿಟ್ಟೆ," ಎಂದು ಮುನಿಸ್ವಾಮಪ್ಪ ಎದ್ದರು. "ಇಂಥ ತಲೆ ಇರೋನನ್ನ ಅಲ್ಲಿಗೆ ಕಳ್ಸಿ, ಇಲ್ಲಿ ನಾನೇನು ಮಾಡ್ಲಿ? ಬಾಲಾಜಿ, ನೀನು ಕಡೇವರ್ಗೂ ಇಲ್ಲೇ, ನನ್ ಕಣ್ಮುಂದೇನೇ ಇರ್ಬೇಕು. ವನಿತಾ, ಬಂಗಾರಪೇಟೆ ಅಂಗಡಿ ನೀನು ನೋಡ್ಕಮ್ಮ."

"ಸಾರ್! ನಮ್ಮನೆ ಹಿಂದ್ಗಡೆ ಬೀದಿ!"

"ಟ್ರೇನ್ ಐತಲ್ಲ." ಬಾಗಿಲಲ್ಲಿ ಈಗ ಬರೀ ಕುತ್ತಿಗೆ ತಿರುಗಿಸಿದರು. "ಬಾಲಾಜಿ, ಓಗೋಕ್ಮುಂಚೆ ನನ್ ಕ್ಯಾಬಿನ್ನಿನ ಸಿಸ್ಟಮ್ಮೂ ಇಂಗೇ ಮಾಡಿಟ್ಬಿಡು."

ಬಾಲಾಜಿ ಕುರ್ಚಿಗೆ ಕುಸಿದ. ಪಕ್ಕದ ಕುರ್ಚಿಗೆ ವನಿತಾ ಕುಸಿದಳು.

"ಹೆಂಗೆ ಮಾಡ್ಲೇ? ಬೆಳಿಗ್ಗೆ ನಾನು ಏನು ಒತ್ತಿದ್ನೋ ನಂಗೇ ಗೊತ್ತಿಲ್ಲ."

ವನಿತಾ ಕೈ ಚಾಚಿ ಅವನ ಕೀಬೋರ್ಡಿನಲ್ಲಿ ಕಂಟ್ರೋಲ್, ಆಲ್ಟ್, ಮೇಲಿನ ಬಾಣ ಮೂರನ್ನೂ ಒಟ್ಟಿಗೆ ಒತ್ತಿದಳು. ಪರದೆ ಸರಕ್ಕನೆ ನೆಟ್ಟಗಾಯಿತು. ಮಾನಿಟರು ಬೋರಲಾಗಿದ್ದರಿಂದ ಎಲ್ಲವೂ ಮತ್ತೆ ತಲೆಕೆಳಗಾಗಿ ಕಂಡಿತು.

"ಕೆಳಗಿನ ಬಾಣ ಒತ್ತಿದ್ರೆ ತಲೆಕೆಳಗೆ, ಮೇಲಿನದು ಒತ್ತಿದ್ರೆ ನೆಟ್ಟಗೆ," ಎಂದಳು.

ಬಾಲಾಜಿ ಅವಳನ್ನೇ ನೋಡಿದ. "ಬೆಳಿಗ್ಗೆಯೇ ಗೊತ್ತಿತ್ತಾ?"

"ಗೊತ್ತಿಲ್ದೆ ಏನು?"

"ಹೇಳಿದ್ರೆ ನಿನ್ ಗಂಟೇನು ಓಗ್ತಿತ್ತು? ನಾನು ಬಂಗಾರಪೇಟೇಲಿರ್ತಿದ್ದೆ, ನೀನು ನಿಮ್ಮನೆ ಪಕ್ಕದಲ್ಲಿರ್ತಿದ್ದೆ!"

ಹಿಂದಿನ ಬೀದಿಯಲ್ಲಿ ಕುಕ್ಕರ್ ಕೂಗಿತು, ವನಿತಾ ಎಣಿಸಲಿಲ್ಲ. ಸಣ್ಣ ದನಿಯಲ್ಲಿ ಕೇಳಿದಳು:

"ಬೆಳಿಗ್ಗೆ ಇಲ್ಲಿಂದ ಓಗೋ ಟ್ರೇನಲ್ಲಿ ಸೀಟು ಸಿಗ್ತದಾ?"

"ಬೆಂಗ್ಳೂರಿಗೆ ಓಗೋರೆಲ್ಲ ಅದ್ರಲ್ಲೇ ಇರ್ತಾರೆ," ಎಂದ ಬಾಲಾಜಿ. ಅವತ್ತು ಮೊದಲ ಬಾರಿಗೆ ಅವನ ಮುಖದಲ್ಲಿ ನಗು ಮೂಡಿತ್ತು. "ಗೋಡೆ ಹಿಡ್ಕೊಂಡು ನಿಂತ್ಕೋ."